ದೊಡ್ಡಮ್ಮನ ಬಲಗಿವಿ

ಯಾರೊಂದಿಗೆ ನಡೆದರೂ ಅವರ ಎಡಬದಿಗೇ ನಡೆಯಬೇಕೆಂಬುದು ನಮ್ಮ ದೊಡ್ಡಮ್ಮನ ಹಟ. ಜೊತೆಯವರು ಅರಿಯದೆ ಪಕ್ಕ ಬದಲಿಸಿದರೆ, ಇವರು ಅವರ ಬೆನ್ನ ಹಿಂದಿನಿಂದ ಅರ್ಧ ಪ್ರದಕ್ಷಿಣೆ ಹಾಕಿ ಸ್ವಸ್ಥಾನಕ್ಕೆ ಮರಳಿ, ಮಾತಿನ ಎಳೆ ಕಡಿಯದಂತೆ ಮುಂದುವರಿಯುತ್ತಿದ್ದರು. ಅವರ ಬಲಗಿವಿ ಹೇಳಿದ ಮಾತನ್ನು ಇನ್ನೂ ಅಷ್ಟಿಷ್ಟು ಕೇಳುತ್ತಿತ್ತು. ಎಡಗಿವಿ ಇದ್ದದ್ದು ಓಲೆಗೆ ಮಾತ್ರ. ವಿಧಿಯ ಕುಚೇಷ್ಟೆ ನೋಡಿ, ಜೀವಮಾನವಿಡೀ ದೊಡ್ಡಮ್ಮ ಅಧ್ಯಯನ ಮಾಡಿದ್ದು ಕಿವಿಯನ್ನೇ.

ಪ್ರಯೋಗಾಲಯದ ಇಲಿಗಳ ಒಳಗಿವಿಯಲ್ಲಿ, ಶಂಖದಂತೆ ಸುತ್ತಿಕೊಂಡ ಪುಟ್ಟ ನಳಿಕೆಯೊಳಗೆ, ನಾದವನ್ನು ಹಿಡಿಯುವ ರೋಮಕೋಶಗಳು ಮುಪ್ಪಿನಲ್ಲಿ ಹೇಗೆ ಒಂದೊಂದಾಗಿ ನಶಿಸುತ್ತವೆಂಬುದೇ ಅವರ ತಪಸ್ಸು. “ತುಕ್ಕು ಕಣೋ, ಒಳಗೊಳಗೇ ತುಕ್ಕು. ಹೋದ ಕೋಶ ಮತ್ತೆ ಹುಟ್ಟಲ್ಲ,” ಎನ್ನುತ್ತಿದ್ದರು ನನಗೆ. ಆ ತುಕ್ಕನ್ನು ತಡೆಯಬಹುದೆಂದು ನಂಬಿದ ಆ್ಯಂಟಿಆಕ್ಸಿಡೆಂಟ್ ಒಂದನ್ನು ಇಲಿಗಳ ಆಹಾರಕ್ಕೆ ಬೆರೆಸಿ, ಅದರದೇ ಗುಳಿಗೆಯನ್ನು ತಮ್ಮ ಮಾಸಿದ ಬಿಳಿ ಕೋಟಿನ ಜೇಬಿನಿಂದ ತೆಗೆದು ತಾವೂ ನುಂಗುತ್ತಿದ್ದರು. ಶ್ರವಣಯಂತ್ರದ ಮಾತೆತ್ತಿದರೆ ಸಿಡಿಮಿಡಿ. “ನನ್ನ ಕೋಶಗಳಿನ್ನೂ ಸೋತಿಲ್ಲ. ಮೊದಲು ಇಲಿಗಳ ಫಲಿತಾಂಶ ಬರಲಿ.”

ಮುಪ್ಪಿನ ಕಿವುಡಿಗೆ ಮೊದಲು ಬಲಿಯಾಗುವುದು ಸಕಾರದಂಥ ತೆಳುವಾದ ಸದ್ದುಗಳು. ದೊಡ್ಡಪ್ಪನೋ ಹುಟ್ಟಾ ಮೃದುಭಾಷಿ. ಚಹಾ ಬಗ್ಗಿಸುವಾಗ ಅವರು “ಸಾಕು, ಸಾಕು” ಎಂದರೆ ದೊಡ್ಡಮ್ಮನಿಗೆ “ಹಾಕು, ಹಾಕು” ಎಂದು ಕೇಳಿಸುತ್ತಿತ್ತು. ಕಪ್ಪೂ ಬಸಿಯೂ ತುಂಬಿ ಚಹಾ ಮೇಜಿನ ಮೇಲೆ ಹರಿದಾಗ, “ಹಾಕು ಅಂದೋರು ನೀವೇ ಅಲ್ವಾ?” ಎಂದು ಗದರಿಕೆ ಬೇರೆ. ದೊಡ್ಡಪ್ಪ ಎದ್ದು ಬಟ್ಟೆ ತಂದು ಒರೆಸುತ್ತಿದ್ದರು. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಆದರೆ ಹೇಳಿದ್ದನ್ನೇ ಹೇಳಿ ದಣಿದ ದೊಡ್ಡಪ್ಪ ಬರಬರುತ್ತಾ ಮಾತನ್ನೇ ಕಡಿಮೆ ಮಾಡಿ, ಕೈಸನ್ನೆಯಲ್ಲೇ ಸಂಸಾರ ತೂಗಿಸತೊಡಗಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ದೊಡ್ಡಮ್ಮ ಮಾತ್ರ ಮನೆ ಈಗ ಎಷ್ಟು ಶಾಂತವಾಗಿದೆಯೆಂದು ಹಿಗ್ಗುತ್ತಿದ್ದರು.

ಕೊನೆಗೆ ಫಲಿತಾಂಶ ಬಂತು. ಎಳೆಯ ಇಲಿಗಳಲ್ಲಿ ಮದ್ದು ಒಂದಿಷ್ಟು ಫಲಿಸಿತ್ತು. ಮುದಿ ಇಲಿಗಳಲ್ಲಿ ತಿಂದವಕ್ಕೂ ತಿನ್ನದವಕ್ಕೂ ಯಾವ ವ್ಯತ್ಯಾಸವೂ ಇರಲಿಲ್ಲ. ಎಳೆಯವುಗಳ ಸಂಗತಿಯನ್ನಷ್ಟೇ ಪ್ರಕಟಿಸೋಣವೇ ಎಂದು ಕಿರಿಯ ಸಹೋದ್ಯೋಗಿ ಮೆಲ್ಲಗೆ ಕೇಳಿದಾಗ, ದೊಡ್ಡಮ್ಮ ಅವನಿಂದ ಎರಡು ಸಲ ಹೇಳಿಸಿಕೊಂಡು, “ಮುದಿ ಇಲಿಗಳು ಏನು ಪಾಪ ಮಾಡಿದ್ವಪ್ಪಾ? ಎರಡನ್ನೂ ಬರಿ,” ಎಂದರಂತೆ. ಕೋಟನ್ನೂ ಬಿಚ್ಚದೆ ನೆಟ್ಟಗೆ ಕಿವಿಯ ವೈದ್ಯರಲ್ಲಿಗೆ ಹೊರಟರು. ಶ್ರವಣಯಂತ್ರ ಕೈಗೆ ಬರುವವರೆಗೂ ಮನೆಯಲ್ಲಿ ಯಾರಿಗೂ ವಿಷಯ ತಿಳಿಸಲಿಲ್ಲ.

ಅದನ್ನು ಹಾಕಿಕೊಂಡು ಬಂದ ಸಂಜೆ ನಾನೂ ಅಲ್ಲಿದ್ದೆ. ಪತ್ರಿಕೆಯಿಂದ ತಲೆ ಎತ್ತದೆ ದೊಡ್ಡಪ್ಪ ಹಳೆಯ ಅಭ್ಯಾಸಬಲದಿಂದ ಮೆಲ್ಲಗೆ, “ಬಂದ್ಯಾ?” ಎಂದರು. ದೊಡ್ಡಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟರು.

“ನಿಮ್ಮ ದನಿಗೆ ಯಾವಾಗ ಇಷ್ಟು ವಯಸ್ಸಾಯ್ತು ರೀ?”

“ನೀನು ಇಲಿ ನೋಡ್ತಿದ್ದಾಗ,” ಎಂದರು ದೊಡ್ಡಪ್ಪ.

ದೊಡ್ಡಮ್ಮ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡು, ಅವರ ಪಕ್ಕದಲ್ಲಿ ಕುಳಿತು, “ಇನ್ನೇನಾದ್ರೂ ಹೇಳಿ,” ಎಂದರು.

ಅರಿವಿನ ಹಂಬಲ ಹತ್ತಿದವರ ಕುಲವೇ ಅಂಥದ್ದು. ಲೋಕದ ಕಿವಿಗಳಿಗೆಲ್ಲ ಮದ್ದು ಹುಡುಕುತ್ತಾ ಪಕ್ಕದ ಕುರ್ಚಿಯ ದನಿಯನ್ನೇ ಮರೆತಿರುತ್ತಾರೆ. ಆದರೆ ತಾವು ನೆಚ್ಚಿದ್ದು ಸೋತಿತೆಂದು ಒಪ್ಪಿಕೊಳ್ಳುವ ನೇರ ಮನಸ್ಸು ಅವರಿಗೇ ಇರುವುದರಿಂದ, ತಡವಾಗಿಯಾದರೂ, ಮನೆಗೆ ಬಂದು ಕೇಳಿಸಿಕೊಳ್ಳುತ್ತಾರೆ.