ಮೂಲೆಯ ಮಸಿ

ಪೋಸ್ಟಿನ ಲಕ್ಕಯ್ಯ ಕಾರ್ಡು ಚಾಚಿದಾಗ ಈರಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಕಾರ್ಡಿನ ಮೂಲೆಯಲ್ಲಿ ಕಪ್ಪು ಮಸಿ! ಮೊರ ಕೈಜಾರಿ ರಾಗಿಯೆಲ್ಲ ನೆಲದ ಪಾಲಾಯಿತು. ಮೂಲೆಗೆ ಮಸಿ ಬಳಿದ ಕಾಗದ ಎಂದರೆ ಸಾವಿನ ಕಾಗದ, ಕೆ. ಹೊಸಕೋಟೆಯಲ್ಲಿ ಈರಮ್ಮನಂಥ ಅಕ್ಷರ ಬಾರದವರಿಗೂ ಅದು ಗೊತ್ತು.

“ಯಾರ್ದಪ್ಪಾ?”

“ಆನೇಮಹಲ್ ಕಡೆ ಎಸ್ಟೇಟ್ ರೈಟರ್ ಮನೇದು. ಮಿಕ್ಕಿದ್ದು ನಾನ್ ಓದಾಕಿಲ್ಲ ಕಣಮ್ಮ,” ಎಂದವನೇ ಲಕ್ಕಯ್ಯ ಸೈಕಲ್ ಹತ್ತಿಬಿಟ್ಟ. ಊರ ಸುದ್ದಿಗೆಲ್ಲ ಗಜದುದ್ದ ನಾಲಿಗೆ ಚಾಚುವ ಮಹಾಶಯ, ಅವತ್ತು ಮಾತ್ರ ಬಾಯಿಗೆ ಬೀಗ ಹಾಕಿಕೊಂಡ!

ಕಾಫಿ ತೋಟದ ಲೆಕ್ಕ ಬರೆಯುವ ಆ ರೈಟರ್ ಮನೆಯಲ್ಲಿ ಈರಮ್ಮನಿಗೆ ಸಂಬಂಧಪಟ್ಟ ಜೀವ ಒಂದೇ. ಹೋದ ಬೇಸಿಗೆ, ಕಾಫಿ ಹೂ ಬಿಟ್ಟ ವಾರ, ಕಾಲು ಮುಂದಾಗಿ ಬಂದ ಕೂಸನ್ನು ಅವಳೇ ಉಳಿಸಿದ್ದಳು. ಸೂಲಗಿತ್ತಿಯಾಗಿ ತಲೆ ನರೆತರೂ ಅಂಥ ಹೆರಿಗೆ ಕಂಡಿರಲಿಲ್ಲ. ಆ ಕೂಸೇ ಹೋಯಿತೆ? ಅಯ್ಯೋ ಶಿವನೇ, ತನ್ನ ಕೈಯಲ್ಲೇ ಏನಾದರೂ ಐಬಾಗಿತ್ತೆ? ಸಾವಿನ ಕಾಗದ ಹೊಸ್ತಿಲು ದಾಟಬಾರದು. ಅಲ್ಲೇ ಹರಿದು ಹಳ್ಳಕ್ಕೆಸೆದಳು. ತಲೆ ಮೇಲೆ ನೀರು ಸುರಿದುಕೊಂಡು ಬಸ್ಸಿಗೆ ಓಡಿದಳು. ಆಲೂರಿನಲ್ಲಿ ಬಸ್ಸು ಬದಲಿಸಿ ಆನೇಮಹಲ್ ಹಾದಿ ಹಿಡಿದಳು.

ರೈಟರ್ ಮನೆ ಬಾಗಿಲಲ್ಲಿ ನಿಂತು, “ಹೋಗ್ಬುಟ್ಯಾ ನನ್ ಕಂದಾ!” ಎಂದು ಎದೆ ಬಡಿದುಕೊಂಡಳು. ಕಂದ ಒಳಗಿಂದ ಅಂಬೆಗಾಲಿಟ್ಟು ಬಂತು, ಅವಳ ಸೆರಗು ಹಿಡಿದು ಬಾಯಿಗಿಟ್ಟುಕೊಂಡಿತು. ಈರಮ್ಮ ದಂಗಾಗಿ ಅಲ್ಲೇ ಕುಸಿದಳು.

ರೈಟರ ಹೆಂಡತಿ ಸುಮಿತ್ರಮ್ಮ ಗಾಬರಿಯಿಂದ ಹೊರಗೆ ಬಂದಳು. ಕಾರ್ಡಿನ ವಿಷಯ ಕೇಳಿ ಅವಳ ಮುಖವೂ ಬಿಳಿಚಿಕೊಂಡಿತು.

“ಅಯ್ಯೋ ಈರಮ್ಮ, ಅದು ಸಾವಿನ ಮಸಿಯಲ್ಲ, ಕಾಫಿ ಹೂವಿನ ರೆಂಬೆ! ನಮ್ಮ ಎಸ್ಟೇಟಿನ ದೊರೆಸಾನಿಗೆ ಜಪಾನಿನಿಂದ ಒಂದು ಕಾರ್ಡು ಬಂದಿತ್ತು. ಮೂಲೆಯಲ್ಲಿ ಒಂದೇ ಕಪ್ಪು ರೆಂಬೆ, ಉಳಿದದ್ದೆಲ್ಲ ಬಿಳಿ. ಎಷ್ಟು ಚೆನ್ನಾಗಿತ್ತು ಅಂತೀರಿ! ಅದನ್ನ ನೋಡ್ಕೊಂಡು ನಿಮಗೇಂತ ಕೈಯಾರೆ ಬಿಡಿಸಿದೆ. ‘ನನ್ನ ಮಗೂನ ಉಳಿಸಿದಿರಿ, ನಿಮ್ಮ ಉಪಕಾರ ಮರೆಯೋದಿಲ್ಲ’ ಅಂತ ಕಾರ್ಡಿನ ಹಿಂದೆ ಬರೆದಿದ್ದೆ.”

ಈರಮ್ಮ ಮಗುವನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡಳು. ಅವಳ ಮನೆಗೆ ಈವರೆಗೆ ಕಾಗದ ಬಂದದ್ದೆಲ್ಲ ಸಾವಿಗೇ.

“ಉಪ್ಕಾರಕ್ಕೂ ಕಾಗ್ದ ಬರೀತಾರಾ ಅಮ್ಮಾರೆ? ಅದೂ ನಂಗೆ?”

“ನಿಮಗೇ ಈರಮ್ಮ. ಎಲ್ಲಿ ಇಟ್ಟಿದ್ದೀರಿ ಅದನ್ನ?”

ಈರಮ್ಮ ಮಗುವನ್ನು ಎದೆಗೊತ್ತಿಕೊಂಡಳು. ದಾರಿಯುದ್ದಕ್ಕೂ ಬತ್ತಿಹೋಗಿದ್ದ ಕಣ್ಣೀರು ಈಗ ಕೋಡಿ ಹರಿಯಿತು.

“ಹರ್ದು ಹಳ್ಳಕ್ಕೆ ಹಾಕ್ಬುಟ್ಟೆ ಕಣ್ರವ್ವಾ!”