ಬೀರುವಿನ ಹಿಂದಿನವನು

ಅಡುಗೆಮನೆಯ ಬಾಗಿಲನ್ನು ಬೆನ್ನಿನಿಂದ ಒತ್ತಿ ಹಿಡಿದು ಅವಳು ಆರು ವರ್ಷದ ಪುಟ್ಟಿಗೆ ಸ್ವೆಟರ್ ತೊಡಿಸುತ್ತಿದ್ದಳು.

"ಆ ಕೈ ಅಲ್ಲ, ಈ ಕೈ ಹಾಕು."

"ಎಲ್ಲಿಗಮ್ಮ ಹೋಗೋದು?"

"ಚಿಕ್ಕಜ್ಜಿ ಮನೆಗೆ. ನಾಳೆ ನಾನೇ ಬಂದು ಕರ್ಕೊಂಡು ಬರ್ತೀನಿ."

"ಅಜ್ಜಿ?"

"ಅಜ್ಜಿ ಮಲಗಿದಾರೆ."

"ಅಜ್ಜಿ ಸತ್ತೋಗಿದಾರೆ ಅಂತ ಚಿಕ್ಕಜ್ಜಿ ಫೋನಲ್ಲಿ ಹೇಳ್ತಿದ್ರು," ಎಂದಳು ಪುಟ್ಟಿ. ಅಮ್ಮನ ತಪ್ಪು ತಿದ್ದುವವಳಂತೆ.

ಬಾಗಿಲಿನ ಆಚೆ, ಮುಂದಿನ ಕೋಣೆಯಲ್ಲಿ, ಅವಳ ತಾಯಿಯ ದೇಹವನ್ನು ಮಲಗಿಸಿದ್ದರು. ಬೆಳಿಗ್ಗೆಯಿಂದ ಜನ ಮೆಟ್ಟಿಲು ಹತ್ತಿ ಬರುತ್ತಲೇ ಇದ್ದರು. ಚಿಕ್ಕಮ್ಮ ಒಳಗೆ ಬಂದು ಮಗುವಿನ ಕೈ ಹಿಡಿದುಕೊಂಡರು.

"ನೀನು ಹೊರಗೆ ಹೋಗು. ಪ್ರೆಸ್ಸಿನ ಯಜಮಾನರು ಬಂದಿದಾರೆ, ಮಾತಾಡಿಸು. ಇವಳ ಬಟ್ಟೆಬರೆ ನಾನು ನೋಡ್ಕೋತೀನಿ. ಗಾಡಿ ಬರೋದ್ರೊಳಗೆ ಹಿಂದಿನ ಮೆಟ್ಟಿಲಿಂದ ಇಳಿದುಬಿಡ್ತೀವಿ. ಹೆಣ ಗಿಣ ಮಕ್ಕಳು ನೋಡೋದಲ್ಲ ಕಣೇ, ನಿದ್ದೆಯಲ್ಲಿ ಬೆಚ್ಚಿಬೀಳುತ್ತೆ."

ಅವಳು ಹೊರಗೆ ಹೋದಳು.

ಸತ್ತವರನ್ನು ಬೀದಿಯ ಮಕ್ಕಳೆಲ್ಲ ಗುಮ್ಮಜ್ಜಿ ಎಂದು ಕರೆಯುತ್ತಿದ್ದರು. ಜೀವಮಾನವಿಡೀ ಆಕೆ ಮಕ್ಕಳ ಪುಸ್ತಕಗಳಿಗೆ ದೆವ್ವದ ಚಿತ್ರ ಬರೆದಿದ್ದರು. ತಲೆಯನ್ನು ಛತ್ರಿಯಂತೆ ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳುವ ಹೆಂಗಸು, ಮೂಗು ಸೋರುವ ಪಿಶಾಚಿ, ಲಿಫ್ಟಿನ ಬಾಗಿಲ ಸಂದಿಯಲ್ಲಿ ಮಾತ್ರ ಕಾಣುವ ಕೈ. ಕತ್ತಲೆಗೆ ಕಪ್ಪು ಮಸಿಯೊಂದೇ ಸಾಲದು, ತಳದಲ್ಲಿ ನೀಲಿ ಇರಬೇಕು ಎನ್ನುತ್ತಿದ್ದರು. ಅಂಥವರು ಗೋಡೆಯ ಮೇಲೆ ಹಲ್ಲಿ ಕಂಡರೆ ಕುರ್ಚಿ ಹತ್ತಿ ನಿಂತು ಅಳಿಯನನ್ನು ಕೂಗುತ್ತಿದ್ದರು.

ಪ್ರೆಸ್ಸಿನ ಯಜಮಾನರು ಕೋಲನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಕೆಳಮನೆಯ ಟೈಲರಮ್ಮ.

"ಮೊದಲನೇ ಪುಸ್ತಕ ತಂದಾಗ ಬೇಡವೇ ಬೇಡ ಅಂದಿದ್ದೆ ನಾನು," ಎಂದರು ಯಜಮಾನರು. "ಶಾಲೆಗಳಿಗೆ ತರಕಾರಿ ಚಾರ್ಟ್ ಬರೆದುಕೊಡ್ತಿದ್ದ ಹೆಣ್ಣುಮಗಳು. ಬದನೆಕಾಯಿ ಬರೆಯೋ ಕೈಯಲ್ಲಿ ಇದೇನಮ್ಮ ಇದು, ನೋಡಿದ್ರೆ ನಂಗೇ ಊಟ ಸೇರಲ್ಲ ಅಂದೆ. ಮನೆಗೆ ತಗೊಂಡು ಹೋಗಿ ಮೇಜಿನ ಮೇಲಿಟ್ಟಿದ್ದೆ. ನನ್ನ ಮಕ್ಕಳಿಬ್ರೂ ನಂಗೆ ಮೊದಲು ಅಂತ ಎಳೆದಾಡಿ ಎರಡು ಹಾಳೆ ಹರಿದುಹಾಕಿದ್ರು. ಅಲ್ಲೇ ಚಿಟ್ಟೆ ಪುಸ್ತಕವೂ ಇತ್ತು, ನೋಡಿ. ಅದರ ಮೈಮೇಲೆ ಒಂದು ಗೀರಿಲ್ಲ."

ಟೈಲರಮ್ಮನಿಗೆ ನಗು ಬಂತು. ಹೆಣದ ಮುಂದೆ ನಗಬಾರದೆಂದು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

"ನಾನು ಈ ಮನೆಗೆ ಜಗಳಕ್ಕೇ ಬಂದಿದ್ದೆ," ಎಂದಳು. "ಇವರ ಪುಸ್ತಕ ನೋಡಿ ನನ್ನ ಮಗ ಬಚ್ಚಲಿಗೆ ಒಬ್ನೇ ಹೋಗಲ್ಲ ಅಂತ ಕೂತುಬಿಟ್ಟ. ನಾನಿಲ್ಲಿ ಬಾಯಿ ಮಾಡ್ತಿದ್ರೆ ಅವನು ಇವರ ಕಾಲ ಹತ್ರಾನೇ ಕೂತು ಇನ್ನೊಂದು ಪುಸ್ತಕ ತೆಗೆದಿದ್ದ."

"ಅಮ್ಮ ಏನಂದ್ರು?" ಅವಳು ಕೇಳಿದಳು. ಈ ವಿಷಯ ಅವಳಿಗೆ ಗೊತ್ತಿರಲಿಲ್ಲ.

"ಹೆದರಿಕೆ ನಾನು ಕೊಡ್ತಿಲ್ಲಮ್ಮ, ಅದು ಅವರ ಹತ್ರ ಆಗಲೇ ಇರುತ್ತೆ, ನಾನು ಹಿಡಿದು ಹಾಳೆ ಮೇಲೆ ಕೂರಿಸ್ತೀನಿ ಅಷ್ಟೆ ಅಂದ್ರು. ನಂಗೆ ತಲೆಬುಡ ತಿಳೀಲಿಲ್ಲ. ಟೀ ಕೊಟ್ರು, ಕುಡಿದು ಹೋದೆ."

"ಆ ಮೊದಲನೇ ದೆವ್ವ ಎಲ್ಲಿಂದ ಹಿಡ್ಕೊಂಡು ಬಂದ್ರಿ ಅಂತ ಎಷ್ಟು ಸಲ ಕೇಳಿದೆ," ಎಂದರು ಯಜಮಾನರು. "ಬಾಯಿ ಬಿಡಲಿಲ್ಲ ಪುಣ್ಯಾತ್ಗಿತ್ತಿ."

ಅದು ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿತ್ತು.

*

ಅವಳಿಗೆ ಆಗ ಪುಟ್ಟಿಯದೇ ವಯಸ್ಸು. ಒಂದು ದಿನ ಚಿಕ್ಕಮ್ಮ ಬಂದು ಅವಳನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಕೇಳಿದ್ದೆಲ್ಲ ಕೊಡಿಸಿದರು. ತಿರುಗಿ ಬಂದಾಗ ಮನೆಯಲ್ಲಿ ಅಪ್ಪ ಇರಲಿಲ್ಲ, ಅಪ್ಪನ ಮಂಚವೂ ಇರಲಿಲ್ಲ. "ಅಪ್ಪ ದೂರದ ಊರಿಗೆ ಹೋಗಿದಾರೆ," ಎಂದರು ಎಲ್ಲರೂ. ಅಮ್ಮನೂ ಹಾಗೇ ಹೇಳಿದಳು.

ಆಮೇಲೆ ಮಲಗುವ ಕೋಣೆಗೆ ಕಾಲಿಡಲು ಅವಳು ಒಪ್ಪಲಿಲ್ಲ. ಬೀರುವಿನ ಹಿಂದೆ ಯಾರೋ ಇದ್ದಾನೆ ಎಂದಳು. ಅಮ್ಮ ಬೀರು ಜರುಗಿಸಿ, ದೀಪ ಹಿಡಿದು ತೋರಿಸಿದಳು. ಬೈದಳು. ಏನೂ ಪ್ರಯೋಜನವಾಗಲಿಲ್ಲ. ಒಂದು ಮಧ್ಯಾಹ್ನ ಚಾರ್ಟಿನ ಕುಂಬಳಕಾಯಿಯನ್ನು ಅರ್ಧಕ್ಕೇ ಬಿಟ್ಟು, ಹೊಸ ಹಾಳೆ ಎಳೆದುಕೊಂಡು ಅಮ್ಮ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ಹೇಗಿದಾನೆ ಹೇಳು. ಬರೀತೀನಿ."

"ಉದ್ದ."

ಅಮ್ಮ ಬರೆದಳು.

"ಇನ್ನೂ ಉದ್ದ."

ಹಾಳೆ ಸಾಲದೆ ಕೆಳಗೆ ಇನ್ನೊಂದನ್ನು ಅಂಟಿಸಿದಳು.

"ಮುಖ?"

"ಇಲ್ಲ. ಅಲ್ಲಿ ಕಪ್ಪು. ಇನ್ನೂ ಕಪ್ಪು."

ಹೇಳುತ್ತ ಹೇಳುತ್ತ ಅವಳು ಕುರ್ಚಿಯ ಮೇಲೆ ಮೊಣಕಾಲೂರಿ ಹಾಳೆಯ ಮೇಲೆ ಬಗ್ಗಿದ್ದಳು. ಮೈ ಜುಮ್ಮೆನ್ನುತ್ತಿತ್ತು. ಆದರೂ ಅಮ್ಮನ ಕುಂಚ ನಿಂತರೆ ಅವಳಿಗೆ ತಡೆಯಲಾಗುತ್ತಿರಲಿಲ್ಲ. ಉಗುರು ಹೇಳಿದಳು, ಬೆನ್ನಿನ ಗೂನು ಹೇಳಿದಳು.

"ಕಾಲಲ್ಲಿ ಏನಿದೆ?"

"ಅಪ್ಪನ ಚಪ್ಪಲಿ."

ಕುಂಚದ ತುದಿಯಿಂದ ಒಂದು ಹನಿ ಮಸಿ ಹಾಳೆಯ ಮೇಲೆ ಬಿತ್ತು. ಅಮ್ಮ ಅದನ್ನು ಬಟ್ಟೆಯಿಂದ ಒತ್ತಿ ತೆಗೆದಳು. ಆಮೇಲೆ ಚಪ್ಪಲಿ ಬರೆದಳು. ಎಡಗಾಲಿನ ಹರಿದ ಪಟ್ಟಿ, ಅದಕ್ಕೆ ಹಾಕಿದ್ದ ಹೊಲಿಗೆ, ಎಲ್ಲವನ್ನೂ ಬರೆದಳು.

"ಅಪ್ಪ ಊರಿಗೆ ಹೋಗಿಲ್ಲ ಕಂದ," ಎಂದಳು. "ಸತ್ತು ಹೋದರು. ನಿಂಗೆ ಹೇಳೋಕೆ ನಂಗೆ ಧೈರ್ಯ ಬರಲಿಲ್ಲ."

ಇಬ್ಬರೂ ಅತ್ತರು. ಅತ್ತು ಮುಗಿದ ಮೇಲೆ ಅವಳು ಆ ಹಾಳೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಸಂಜೆಯವರೆಗೂ ಅದೇ ಆಟ.

*

ಬೀದಿಯಲ್ಲಿ ಗಾಡಿ ಬಂದು ನಿಂತ ಸದ್ದಾಯಿತು. ಅವಳು ಅಡುಗೆಮನೆಗೆ ಹೋದಾಗ ಚಿಕ್ಕಮ್ಮ ಹಿಂಬಾಗಿಲ ಚಿಲಕ ತೆಗೆಯುತ್ತಿದ್ದರು.

"ಚಿಕ್ಕಮ್ಮ, ಅವಳು ಬರಲ್ಲ. ಇಲ್ಲೇ ಇರ್ಲಿ."

"ನಿಂಗೆ ಬುದ್ಧಿ ನೆಟ್ಟಗಿದೆಯೇನೆ?"

"ಆಗ ನನ್ನ ಕರ್ಕೊಂಡು ಹೋಗಿದ್ರಲ್ಲ. ಒಳ್ಳೇದಕ್ಕೇ ಕರ್ಕೊಂಡು ಹೋದ್ರಿ, ನಂಗೊತ್ತು. ಆದ್ರೆ ಅಪ್ಪ ಎಲ್ಲೂ ಇಲ್ಲ ಅಂತ ನಂಗೆ ಯಾರೂ ಹೇಳಲಿಲ್ಲ. ಅದಕ್ಕೇ ಅವರು ಎಲ್ಲಿ ಬೇಕಾದ್ರೂ ಇರಬಹುದಿತ್ತು."

ಚಿಕ್ಕಮ್ಮ ಚಿಲಕದ ಮೇಲಿನ ಕೈ ತೆಗೆಯಲಿಲ್ಲ. "ಹೆದರಿಕೊಂಡ್ರೆ?"

"ಹೆದರಿಕೊಳ್ಳಲಿ. ಜೊತೆಗೆ ನಾನಿರ್ತೀನಿ."

ಪುಟ್ಟಿ ಅಷ್ಟರಲ್ಲೇ ಮುಂದಿನ ಕೋಣೆಯ ಬಾಗಿಲಿಗೆ ಹೋಗಿದ್ದಳು. ಕೂತಿದ್ದವರು ಸರಿದು ದಾರಿ ಬಿಟ್ಟರು. ಪುಟ್ಟಿ ಅಜ್ಜಿಯ ಕಾಲ ಬಳಿಯಿಂದ ಸುತ್ತಿಕೊಂಡು ತಲೆಯ ಬಳಿಗೆ ಬಂದಳು.

"ಮುಟ್ಟಬಹುದಾ?"

"ಹ್ಞೂಂ, ಮುಟ್ಟು," ಎಂದಳು ಅವಳು, ಹಿಂದೆಯೇ ಬಂದು.

ಪುಟ್ಟಿ ಒಂದೇ ಬೆರಳಿನಿಂದ ಕೆನ್ನೆ ಮುಟ್ಟಿ ಕೈ ಹಿಂದೆಗೆದುಕೊಂಡಳು. "ತಣ್ಣಗಿದೆ." ಮತ್ತೆ ಮುಟ್ಟಿದಳು. "ಕಿವಿ ಹಿಂದೆ ಮಸಿ ಹಾಗೇ ಇದೆ ಅಮ್ಮ. ಒರೆಸಿಲ್ಲ."

ಅಜ್ಜಿ ಕುಂಚ ಸಿಕ್ಕಿಸಿಕೊಳ್ಳುತ್ತಿದ್ದ ಜಾಗ. ಮೈ ತೊಳೆಸಿದ ಯಾರಿಗೂ ಅದು ಕಂಡಿರಲಿಲ್ಲ.

"ಇರ್ಲಿ ಬಿಡು," ಎಂದಳು ಅವಳು. "ಹೆದರಿಕೆ ಆಗುತ್ತಾ?"

"ಸ್ವಲ್ಪ." ಪುಟ್ಟಿ ಮಾತ್ರ ಅಲ್ಲಿಂದ ಅಲುಗಲಿಲ್ಲ.

ಗಂಡ ಮೇಲೆ ಬಂದು ಗಾಡಿಯವರು ಕಾಯುತ್ತಿದ್ದಾರೆ ಎಂದ. ಮಗು ಅಲ್ಲಿ ನಿಂತಿದ್ದನ್ನು ನೋಡಿ ಹೆಂಡತಿಯ ಮುಖ ನೋಡಿದ. ಹೋಗಿ ಮಗುವಿನ ಚಪ್ಪಲಿ ತಂದ.

ವಿದ್ಯುತ್ ಚಿತಾಗಾರದ ಒಳಗೆ ಸೆಕೆ. ಗೋಡೆಯಲ್ಲಿ ಕಬ್ಬಿಣದ ಬಾಗಿಲು, ಅದರ ಮುಂದೆ ಹಳಿ, ಹಳಿಯ ಮೇಲೆ ಅಮ್ಮ. ಅಲ್ಲಿನ ಕೆಲಸದವನು, ನೋಡಲಾರದವರು ಹೊರಗೆ ನಿಲ್ಲಬಹುದು ಎಂದು ಮೆಲ್ಲಗೆ ಹೇಳಿದ. ಚಿಕ್ಕಮ್ಮ ಹೊರಗೆ ಹೋದರು. ಪ್ರೆಸ್ಸಿನ ಯಜಮಾನರು ಕೋಲೂರಿಕೊಂಡು ಅಲ್ಲೇ ಉಳಿದರು. ಅವಳು ಪುಟ್ಟಿಯನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು.

ಬಾಗಿಲು ಗಡಗಡನೆ ಮೇಲೇರಿತು. ಒಳಗಿನ ಕೆಂಪು ಕಂಡದ್ದೇ ತಡ, ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಮುಖ ಅತ್ತ ತಿರುಗಿಸಿದಳು.

"ಹಾಗಲ್ಲಮ್ಮ," ಎಂದು ಪುಟ್ಟಿ ಕಿವಿಯಲ್ಲಿ ಪಿಸುಗುಟ್ಟಿದಳು. ಪುಟ್ಟ ಅಂಗೈ, ಬೆವರಿಗೆ ಅಂಟಂಟಾಗಿದ್ದದ್ದು, ಅವಳ ಕಣ್ಣುಗಳ ಮೇಲೆ ಬಂದು ಕೂತಿತು. ಮೆಲ್ಲಗೆ ಬೆರಳುಗಳು ಅಗಲವಾದವು.

"ಈಗ ನೋಡು."

ಮಗಳ ಬೆರಳ ಸಂದಿಯಿಂದ ಅವಳು ನೋಡಿದಳು.