ನಾಲ್ಕು ಬೆರಳು ಕಂಬಿ

ಪರದೆಯ ಮೇಲೆ ನೊಣ ಕೂತಿದೆ, ಸರಿಯಾಗಿ ಅವಳು ಬರೆದ ಕಂಬದ ಮೇಲೇ, ರಿಂಗಿನ ಗೆರೆ ಹಿಡಿದು ಹೊರಟಿದೆ, ಒಂದು ಮೂಲೆ, ಎರಡನೆಯ ಮೂಲೆ, ಮೂರನೆಯದು — ಅದಕ್ಕೆ ತುದಿ ಸಿಗುತ್ತಿಲ್ಲ, ಸಿಗುವುದಾದರೂ ಹೇಗೆ, ಕಂಪ್ಯೂಟರ್ ಬರೆಯುವ ರಿಂಗಿಗೆ ತುದಿಯೇ ಇರುವುದಿಲ್ಲ, ನಾಲ್ಕು ಗೆರೆ ಕೂಡಿದರೆ ಚೌಕ ಮುಚ್ಚಿತು, ಅಷ್ಟೇ. ನಿಜವಾದ ರಿಂಗು ಬಗ್ಗಿಸಿದ ಕಂಬಿ, ಅದು ಹಾಗಲ್ಲ. ಕಂಬಿಗೆ ಎರಡು ತುದಿ, ಕಂಬದ ಉದ್ದನೆಯ ಸರಳುಗಳನ್ನು ಸುತ್ತಿ ಬಂದ ಮೇಲೆ ಎರಡನ್ನೂ ಕಂಬದ ಹೊಟ್ಟೆಯೊಳಕ್ಕೆ ಕೊಕ್ಕೆಯ ಹಾಗೆ ಮಡಿಸಬೇಕು, ನಾಲ್ಕು ಬೆರಳು ಉದ್ದ ಒಳಗೆ ಹೋಗಬೇಕು — ಅಪ್ಪ ಅಳೆಯುತ್ತಿದ್ದದ್ದು ಟೇಪಿನಲ್ಲಲ್ಲ, ತುದಿಗೆ ನಾಲ್ಕು ಬೆರಳು ಒತ್ತಿಟ್ಟು, ಅಲ್ಲೊಂದು ಸೀಮೆಸುಣ್ಣದ ಗೀಟು, ಆಮೇಲೆ ಗೂಟಕ್ಕೆ ಸಿಕ್ಕಿಸಿ ಒಂದೇ ಎಳೆತ. ಮೂವತ್ತು ವರ್ಷ ಕಂಬಿ ಬಗ್ಗಿಸಿದ ಕೈ, ಈಗ ಬೆರಳುಗಳೇ ನೆಟ್ಟಗಾಗುವುದಿಲ್ಲ, ಲೋಟ ಹಿಡಿದರೂ ಕೊಕ್ಕೆ, ಅವಳ ತಲೆ ಸವರಿದರೂ ಕೊಕ್ಕೆ. ಮುಂದಿನ ಸ್ಲೈಡ್, ಎನ್ನುತ್ತಿದ್ದಾರೆ ಗೈಡ್, ಮುಂದಕ್ಕೆ ಹೋಗಮ್ಮ, ಅವಳು ಗುಂಡಿ ಒತ್ತುತ್ತಾಳೆ, ನೊಣ ಹಾರುತ್ತದೆ. ಎರಡು ವರ್ಷದ ಓದಿನ ಕೊನೆಯ ಪರೀಕ್ಷೆ, ಎದುರಿಗೆ ಮೂವರು, ಗೈಡ್, ಅರೆನಿದ್ದೆಯಲ್ಲಿ ಕೂತ ವಿಭಾಗ ಮುಖ್ಯಸ್ಥರು, ಹೊರಗಿನ ಪರೀಕ್ಷಕರಾಗಿ ಬಂದ ಕನ್ಸಲ್ಟೆಂಟ್ — ಊರಾಚೆ ಎದ್ದಿರುವ ಅಗ್ಗದ ವಸತಿಯ ಹನ್ನೆರಡು ಬ್ಲಾಕುಗಳ ನಕ್ಷೆ ಅವರ ಆಫೀಸಿನದು. ಅವಳ ವಿಷಯ, ಕಡಿಮೆ ಕಂಬಿಯಲ್ಲಿ ಗಟ್ಟಿ ಮನೆ. ಬೇರೆ ವಿಷಯ ಸಿಗಲಿಲ್ಲವೇ ಎಂದು ಜೊತೆಯವರು ನಕ್ಕಿದ್ದರು, ಸೇತುವೆ ತಗೋ, ಗೋಪುರ ತಗೋ. ಅವರಿಗೇನು ಗೊತ್ತು, ಅಪ್ಪ ಕಂಬಿ ಕಟ್ಟಿದ ಒಂದೊಂದು ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಅಕ್ಕ ತಾನು ಬೆಳೆದದ್ದು, ಮನೆ ಮುಗಿಯಿತೆಂದರೆ ಮೊದಲು ಬಿಚ್ಚುತ್ತಿದ್ದದ್ದು ತಮ್ಮ ಶೆಡ್ಡನ್ನೇ.

ಹೋದ ವರ್ಷ ರಜೆಯಲ್ಲಿ ಇದೇ ಕನ್ಸಲ್ಟೆಂಟರ ಆಫೀಸಿನಲ್ಲಿ ಎರಡು ತಿಂಗಳ ತರಬೇತಿ, ಆ ಬ್ಲಾಕುಗಳ ಕಂಬಗಳಿಗೆ ಯಾವ ಕಂಬಿ ಎಷ್ಟು ಉದ್ದ ಕತ್ತರಿಸಬೇಕೆಂಬ ಪಟ್ಟಿ, ಸೈಟಿನವರ ಬಾಯಲ್ಲಿ ಕಟಿಂಗ್ ಲಿಸ್ಟು, ಅದನ್ನು ಅವಳ ಕೈಗೆ ಕೊಟ್ಟರು. ರಿಂಗಿಗೆ ಚೌಕದ ನಾಲ್ಕು ಬದಿ ಕೂಡಿಸಿದಳು, ಮತ್ತೆ ಕೂಡಿಸಿದಳು, ಬಾಗಿಲಿಗೆ ಬೀಗ ಹಾಕಿದ ಮೇಲೂ ಎರಡು ಸಲ ಜಗ್ಗಿ ನೋಡುವವಳು, ಮೂರನೆಯ ಸಲವೂ ಕೂಡಿಸಿದಳು, ಮೂರು ಸಲವೂ ಲೆಕ್ಕ ಸರಿಯಾಗಿಯೇ ಇತ್ತು, ಕೊಕ್ಕೆ ಮಾತ್ರ ಇರಲಿಲ್ಲ. ಕಂಬಿ ಬಗ್ಗಿಸುವವನ ಮಗಳು, ಕಂಪ್ಯೂಟರಿನ ಮುಚ್ಚಿದ ಚೌಕ ನೋಡಿ ನೋಡಿ ಕಂಬಿಗೆ ತುದಿಯಿದೆ ಎಂಬುದನ್ನೇ ಮರೆತಳು, ಪಟ್ಟಿ ನೋಡಿದ ಮೂವರು ಹಿರಿಯ ಇಂಜಿನಿಯರುಗಳೂ ಮರೆತರು. ಕನ್ಸಲ್ಟೆಂಟ್ ಭೇಷ್ ಅಂದರು, ಎಷ್ಟು ಕಂಬಿ ಉಳಿಸಿದ್ದೀಯ ನೋಡು. ಅವಳು ಹಿಗ್ಗಿ ಹೀರೇಕಾಯಿಯಾದಳು, ಥೂ, ಅದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಆಮೇಲೆ ಆ ಮನೆಗಳನ್ನು ಹಂಚಲು ಚೀಟಿ ಎತ್ತಿದರು, ಅಕ್ಕನಿಗೆ ನಾಲ್ಕನೇ ಬ್ಲಾಕಿನಲ್ಲಿ ಮನೆ ಬಂತು, ಅಪ್ಪ ಸುಮ್ಮನಿರುವ ಜನವೇ, ಬಸ್ಸು ಹತ್ತಿ ಹೋಗಿ ಕೆಳಗಿನ ಕಂಬಗಳ ಕಂಬಿ ಪಂಜರ ನೋಡಿ, ಫೋನಿನಲ್ಲಿ ಚಿತ್ರ ಹಿಡಿದುಕೊಂಡು ಬಂದ, ಚಪ್ಪಲಿ ಬಿಡದೆ ಹೊಸಿಲಾಚೆಯೇ ನಿಂತ. ಯಾವ ಕುರುಡ ಬರೆದದ್ದು ಪುಟ್ಟಿ ಆ ಲಿಸ್ಟು, ಕೊಕ್ಕೆಗೆ ಕಂಬಿನೇ ಬಿಟ್ಟಿಲ್ಲ, ಕೆಲಸದವರು ಏನು ಮಾಡ್ತಾರೆ ಪಾಪ, ತುದಿನ ಪಕ್ಕಕ್ಕೆ ತಿರುಗಿಸಿ ಬಿಟ್ಟಿದಾರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಅವಳು ಅದನ್ನೂ ಮಾಡಲಿಲ್ಲ, ನೀರು ಕೊಡ್ಲಾ ಅಪ್ಪ, ಎಂದಳು. ಅಪ್ಪ ಕುಡಿದ, ಲೋಟದ ಸುತ್ತ ಆ ನಾಲ್ಕು ಬೆರಳು.

ಮರುದಿನ ಬೆಳಿಗ್ಗೆ ಸರಿಪಡಿಸಿದ ಪಟ್ಟಿ ಹಿಡಿದು ಓಡಿದ್ದಳು, ಅದಂತೂ ಸುಳ್ಳಲ್ಲ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಕನ್ಸಲ್ಟೆಂಟರ ಮೇಜಿನ ಮುಂದೆ ನಿಂತಿದ್ದಳು, ತಪ್ಪಾಗಿದೆ ಸರ್, ನನ್ನಿಂದಲೇ ಆಗಿದೆ. ನಾಳೆ ಕಾಂಕ್ರೀಟ್ ಇದೆ, ಈಗ ರಿಂಗ್ ಬಿಚ್ಚೋದಾ, ಎಂದರು ಅವರು ಕಾಗದದಿಂದ ಕಣ್ಣೆತ್ತದೆ, ಇಂಥ ಮನೆಗಳಿಗೆ ಇಷ್ಟು ಸಾಕಮ್ಮ. ಇಂಥ ಮನೆಗಳಿಗೆ. ಇಂಥ ಅಂದರೆ ಎಂಥ? ಅವರ ಸ್ವಂತ ಮನೆಯ ಕಂಬ ಅಪ್ಪನೇ ಕಟ್ಟಿದ್ದು, ಒಂದು ಕೊಕ್ಕೆ ಚಿಕ್ಕದಾಗಿದೆಯೆಂದು ನಲವತ್ತು ರಿಂಗ್ ಬಿಚ್ಚಿಸಿದ್ದರಂತೆ, ಅಪ್ಪ ಅದನ್ನು ಮೆಚ್ಚಿಕೊಂಡೇ ಹೇಳುತ್ತಿದ್ದ, ಗಟ್ಟಿ ಮನುಷ್ಯ ಪುಟ್ಟಿ, ಕೆಲಸ ಗೊತ್ತು. ಗೊತ್ತು, ಅದೇ ಹೊಟ್ಟೆ ಉರಿಯುವುದು, ಗೊತ್ತಿಲ್ಲದವರ ಮಾತಾದರೆ ಕ್ಷಮಿಸಬಹುದಿತ್ತು. ಭೂಮಿ ನಡುಗುವಾಗ ಬಾಗಿಲ ಮೇಲಿನ ಹೆಸರು ಓದಿ ಆಮೇಲೆ ನಡುಗುತ್ತದೆಯೇ, ಕಂಬದ ಹೊರಮೈ ಉದುರುತ್ತದೆ, ಪಕ್ಕಕ್ಕೆ ತಿರುಗಿಸಿಟ್ಟ ತುದಿ ಹಿಡಿತ ಬಿಡುತ್ತದೆ, ರಿಂಗ್ ಬಾಯಿ ತೆರೆಯುತ್ತದೆ, ಒಳಗಿನ ಸರಳುಗಳು ಹೊಟ್ಟೆ ಉಬ್ಬಿಸಿಕೊಂಡು ಹೊರಬರುತ್ತವೆ, ಒಂದು ಮಹಡಿ ಇನ್ನೊಂದರ ಮೇಲೆ ಕೂರುತ್ತದೆ — ಪ್ರಯೋಗಾಲಯದಲ್ಲಿ ಆಮೇಲಿನ ಒಂದು ವರ್ಷ ಅವಳು ಮಾಡಿದ್ದೇ ಅದು, ಸಣ್ಣ ಕಂಬಗಳನ್ನು ಅಲ್ಲಾಡಿಸಿ ಅಲ್ಲಾಡಿಸಿ ಮುರಿಯುವುದು, ಪ್ರತಿ ಸಲವೂ ಮೊದಲು ಸೋಲುತ್ತಿದ್ದದ್ದು ಆ ಕೊಕ್ಕೆ.

ಆದರೂ ಒಂದು ವರ್ಷ ಸುಮ್ಮನಿದ್ದಳಲ್ಲ, ನಾಲ್ಕು ಮಹಡಿ ಎದ್ದು ಬಣ್ಣ ಬಳಿಯುವವರೆಗೆ. ಇವತ್ತು ಬೆಳಿಗ್ಗೆ ಅಕ್ಕನ ಫೋನು, ಲೇ ಇಂಜಿನಿಯರಮ್ಮ, ಸೋಮವಾರ ಬೀಗದಕೈ ಕೊಡ್ತಾರಂತೆ, ಕಿಟಕಿ ಎಷ್ಟಗಲ ಹೇಳೇ, ಪರದೆ ಹೊಲಿಸ್ಬೇಕು. ಮೂರೂವರೆ ಅಡಿ ಅಕ್ಕಾ, ಎಂದಳು, ಬಾಯಿಗೆ ಬಂದದ್ದು ಅದೊಂದೇ. ಹೋದ ಸಲ ಮನೆ ತೋರಿಸೋಣ ಅಂತ ಕರ್ಕೊಂಡು ಹೋದ್ರೆ ಕೆಳಗಡೆ ಕಂಬ ನೋಡ್ತಾ ನಿಂತಿದ್ಯಲ್ಲೇ, ವರ ನೋಡೋಕೆ ಬಂದವಳ ಹಾಗೆ, ಎಂದು ಅಕ್ಕ ನಕ್ಕಳು. ತಗಡಿನ ಗೋಡೆಗೆ ಮೊಳೆ ಹೊಡೆದು ಚೀಲ ನೇತುಹಾಕುತ್ತಿದ್ದವಳು, ಮೊದಲ ಸಲ ಪರದೆ ಹೊಲಿಸುತ್ತಿದ್ದಾಳೆ. ಸ್ಲೈಡ್ ಹದಿನಾಲ್ಕರಲ್ಲಿ ಅಪ್ಪ ತೆಗೆದ ಚಿತ್ರವಿತ್ತು, ಇತ್ತು, ನಿನ್ನೆ ಸಂಜೆ ಗೈಡ್ ನೋಡಿ ಕನ್ನಡಕ ತೆಗೆದರು. ಮೊದಲು ಡಿಗ್ರಿ ತಗೋಮ್ಮ, ಜಗಳ ಆಮೇಲೆ ಆಡು, ಬಡವನ ಸಿಟ್ಟು ದವಡೆಗೆ ಮೂಲ, ಮತ್ತೆ ಆ ಪಟ್ಟಿ ಮೇಲೆ ಇರೋದು ಯಾರ ಹೆಸರು ಅಂತ ಗೊತ್ತಲ್ಲ. ಒಳ್ಳೆಯವರೇ, ಅವಳಿಗಾಗಿ ಹೆದರಿದವರು, ಅದಕ್ಕೇ ಅವರ ಮೇಲೂ ಕೋಪ, ಚಿತ್ರ ಅಳಿಸಿದ ತನ್ನ ಬೆರಳಿನ ಮೇಲೆ ಎಲ್ಲಕ್ಕಿಂತ ಹೆಚ್ಚು.

ಕೊನೆಯ ಸ್ಲೈಡ್, ಧನ್ಯವಾದಗಳು, ಯಾರೋ ದೀಪ ಹಾಕುತ್ತಾರೆ. ಕನ್ಸಲ್ಟೆಂಟ್ ಮುಗುಳ್ನಗುತ್ತಾ ಮುಖ್ಯಸ್ಥರ ಕಡೆ ತಿರುಗುತ್ತಾರೆ, ಈ ಹುಡುಗಿ ನಮ್ಮಲ್ಲೇ ಪಳಗಿದ್ದು ಸರ್, ಇವಳು ಮಾಡಿದ ಪಟ್ಟಿ ಹಿಡಿದೇ ಹನ್ನೆರಡು ಬ್ಲಾಕೂ ಕಟ್ಟಿದ್ದು. ಹನ್ನೆರಡೂ. ಅವಳಿಗೆ ಗೊತ್ತಿದ್ದದ್ದು ನಾಲ್ಕನೆಯದು, ಉಳಿದವಕ್ಕೆ ಸರಿಪಡಿಸಿದ ಪಟ್ಟಿ ಹೋಗಿರಬಹುದು ಎಂದುಕೊಂಡಿದ್ದಳು, ಎಂದುಕೊಂಡು ನಿದ್ದೆ ಮಾಡಿದ್ದಳು — ಹನ್ನೆರಡು, ಒಂದೊಂದರಲ್ಲಿ ಹದಿನಾರು ಮನೆ, ಎಲ್ಲ ಮನೆಗೂ ಮೂರೂವರೆ ಅಡಿ ಕಿಟಕಿ, ಎಲ್ಲ ಕಿಟಕಿಗೂ ಯಾರೋ ಒಬ್ಬಳು ಪರದೆ ಹೊಲಿಸುತ್ತಿದ್ದಾಳೆ. ಬಿಳಿ ಬೋರ್ಡಿನ ಮುಂದೆ ತಾನು ಯಾವಾಗ ಹೋಗಿ ನಿಂತಳೋ, ಪೆನ್ನು ಕಿರ್ರೆನ್ನುತ್ತದೆ, ಚೌಕ, ಚೌಕದ ಎರಡು ತುದಿ, ಎರಡೂ ಒಳಗಲ್ಲ, ಪಕ್ಕಕ್ಕೆ, ಮೋಟು. ನಾಲ್ಕನೇ ಬ್ಲಾಕಿನ ಕಂಬದಲ್ಲಿ ರಿಂಗ್ ಹೀಗಿದೆ ಸರ್, ತನ್ನ ದನಿಯೇ ಬೇರೆ ಯಾರದೋ, ಹನ್ನೆರಡರಲ್ಲೂ ಹೀಗೇ ಇದೆ ಅಂತ ಈಗ ಗೊತ್ತಾಯ್ತು. ತಪ್ಪು ಪಟ್ಟಿ ಬರೆದದ್ದು ನಾನು. ತಪ್ಪು ಅಂತ ಬಂದು ಹೇಳಿದ ಮೇಲೂ ಕಾಂಕ್ರೀಟ್ ಹಾಕಿಸಿದ್ದು ನೀವು. ಕೆಳಗಿನ ಕಂಬಗಳಿಗೆ ಹೊರಗಿನಿಂದ ಇನ್ನೊಂದು ಸುತ್ತು ಕಂಬಿ ಕಟ್ಟಿ ಕಾಂಕ್ರೀಟ್ ತುಂಬೋವರೆಗೂ ಯಾರಿಗೂ ಬೀಗದಕೈ ಕೊಡಬಾರದು. ಗೈಡ್ ನೆಲ ನೋಡುತ್ತಿದ್ದಾರೆ. ಇದು ಇವತ್ತಿನ ವಿಷಯ ಅಲ್ಲಮ್ಮ, ಎನ್ನುತ್ತಾರೆ ಕನ್ಸಲ್ಟೆಂಟ್, ನಗು ಇನ್ನೂ ಮುಖದ ಮೇಲಿದೆ, ತೆಗೆಯಲು ಮರೆತದ್ದು. ತಡೀರಿ, ಎನ್ನುತ್ತಾರೆ ಮುಖ್ಯಸ್ಥರು, ನಿದ್ದೆ ಪೂರ್ತಿ ಬಿಟ್ಟಿದೆ, ಎಷ್ಟು ಕಮ್ಮಿ ಬಿದ್ದಿದೆ ಹೇಳಮ್ಮ. ಮಿಲಿಮೀಟರು, ಅವಳಿಗೆ ಗೊತ್ತು, ಮೂರು ಸಲ ಕೂಡಿಸಿದವಳು, ಅಂಕಿ ಬರುತ್ತಿಲ್ಲ, ಅಪ್ಪನಿಗೆ ಸಂಜೆ ಹೇಳಬೇಕು, ಆ ಕುರುಡ ನಾನೇ, ಅಂಕಿ ಬರುತ್ತಿಲ್ಲ, ಕೈ ತಾನೇ ಎದ್ದು ಮೋಟು ಗೆರೆ ನಿಂತಲ್ಲಿಗೆ ಹೋಗುತ್ತದೆ, ಬಿಳಿಯ ಮೇಲೆ ಒತ್ತಿ ನಿಲ್ಲುತ್ತದೆ, ಹಸಿ ಮಸಿಯಿಂದಾಚೆಗೆ, ಗೆರೆಯಿಲ್ಲದ ಜಾಗದಲ್ಲಿ, ನಾಲ್ಕು ಬೆರಳು.